ಮನೆ ಹಿಂದಿನ ಚಿಕ್ಕು: ಕೊಯ್ಯುವುದು ಯಾವಾಗ? ಬಾವಲಿಗೆ ಎಂತ ಮಾಡುವುದು?

ಕುಲಶೇಖರದವರು: ಕಸಿ ಗಿಡ, ಕಾಲಿಪತ್ತಿ ತಳಿ ಅಂತ ಹೇಳಿ ಕೊಟ್ಟದ್ದು. ಈ ಸಲ ಮೊದಲ ಫಸಲು. ದೊಡ್ಡದಾಯ್ತು ಅಂತ ಕೊಯ್ದರೆ ಹಣ್ಣಾಗುವುದಿಲ್ಲ, ಸಿಪ್ಪೆ ಸುಕ್ಕಾಗಿ ಒಳಗೆ ಬರೀ ಮೇಣ. ಮರದಲ್ಲೇ ಬಿಟ್ಟರೆ ಬಾವಲಿ ಬಿಡುವುದಿಲ್ಲ. ಬೆಳೆಸಿದವರು ಅನುಭವ ಹೇಳಿ.

ಬ್ರಹ್ಮಾವರದ ತೋಟ: ನಮ್ಮದು ಕ್ರಿಕೆಟ್ ಬಾಲ್ ತಳಿ. ಜಾಗ ಪೂರ್ತಿ ಮುರಕಲ್ಲು. ಗಿಡಕ್ಕೆ ಕೊಟ್ಟದ್ದು 220, ಗುಂಡಿಗೆ ಹೋದದ್ದು ಕೇಳಿ. ಹಿಟಾಚಿ ಎರಡು ಗಂಟೆಗೆ 2800. ಕೆಂಪು ಮಣ್ಣು ಒಂದು ಪಿಕಪ್ 3000. ಹಟ್ಟಿ ಗೊಬ್ಬರ ಆರು ಗೋಣಿ 1080. ಆಮೇಲೆ ಬಾವಲಿಗೆ ನೈಲಾನ್ ಬಲೆ 1850, ಅದನ್ನು ಹಾಕುವ ಜನಕ್ಕೆ ಸಂಬಳ 900, ಮಧ್ಯಾಹ್ನದ ಊಟ ಬೇರೆ. ಮೊದಲ ಗಾಳಿಮಳೆಗೇ ಬಲೆ ಹರಿಯಿತು. ಉಳಿದ ತುಂಡಿಗೆ ಕೇರೆ ಹಾವು ಸಿಕ್ಕಿಬಿತ್ತು, ಬಿಡಿಸಲಿಕ್ಕೆ ಬಂದವರ ಪೆಟ್ರೋಲಿಗೆ 300. ಈಗ ಹಳೇ ಪಂಚೆ ಹರಿದು ಗೊಂಚಲಿಗೊಂದು ಚೀಲ ಕಟ್ಟುತ್ತೇವೆ. ಆದರೂ ಹೇಳುತ್ತೇನೆ, ಆ ಗಾತ್ರದ ಹಣ್ಣು ಬೇರೆ ಯಾವುದರಲ್ಲೂ ಬರುವುದಿಲ್ಲ.

ಮೂಡುಬಿದಿರೆ: ಗಾತ್ರ ಉಂಟು, ರುಚಿ ಎಲ್ಲಿ? ಕಾಲಿಪತ್ತಿ ತಿಂದವರು ಕ್ರಿಕೆಟ್ ಬಾಲ್ ಹೊಗಳುವುದಿಲ್ಲ. ನಮಗಂತೂ ಎರಡೂ ಸಿಗಲಿಲ್ಲ. ಚಿಕ್ಕುವನ್ನು ಕಿರ್ಣಿ ಅಂತ ಅದರದ್ದೇ ನೆಂಟ ಗಿಡದ ಮೇಲೆ ಕಸಿ ಕಟ್ಟುವುದು, ಗೊತ್ತುಂಟಲ್ಲ. ನರ್ಸರಿಯವ ಕೊಟ್ಟ ಗಿಡದಲ್ಲಿ ಕಸಿಯೇ ಸರಿ ಕೂಡಿರಲಿಲ್ಲ. ಮೇಲಿನದ್ದು ಒಣಗಿತು, ಕೆಳಗಿನ ಕಿರ್ಣಿ ಚಿಗುರಿ ಮರವಾಯಿತು. ವರ್ಷಗಟ್ಟಲೆ ನೀರು, ಬೂದಿ, ಹಿಂಡಿ ಹಾಕಿದ ಮೇಲೆ ಬಿಟ್ಟದ್ದು ಹಳದಿ ಬಣ್ಣದ ಸಣ್ಣ ಕಾಯಿ! ಕೇಳಲಿಕ್ಕೆ ಹೋದರೆ "ಬುಡದ ಚಿಗುರು ನೀವೇ ತೆಗೀಬೇಕಿತ್ತು" ಅಂತ ನಮಗೇ ಪಾಠ.

ಬ್ರಹ್ಮಾವರದ ತೋಟ: ಅವ ಹೇಳಿದ್ದರಲ್ಲಿ ತಪ್ಪೆಂತ? ಅಷ್ಟು ವರ್ಷ ಎಲೆ ನೋಡಿದರೂ ಗೊತ್ತಾಗಲಿಲ್ವಾ?

ಮೂಡುಬಿದಿರೆ: ಹಾವು ಹಿಡಿಯಲಿಕ್ಕೆ ಬಲೆ ಕಟ್ಟಿದವರು ನನಗೆ ಎಲೆ ತೋರಿಸುವುದು ಬೇಡ ಮಾರಾಯ್ರೆ.

ಉಳ್ಳಾಲದ ಅಕ್ಕ: ಈ ಕಸಿಯ ರಗಳೆಯೇ ಬೇಡ. ನಮ್ಮದು ಅಜ್ಜಿ ಬೀಜ ಹಾಕಿದ ಮರ. ಕಾಯಿ ಬಿಡಲಿಕ್ಕೆ ಎಂಟು ವರ್ಷ ಹಿಡಿಯಿತಂತೆ, ಹಿಡಿಯಲಿ. ಸಮುದ್ರದ ಉಪ್ಪು ಗಾಳಿಗೆ ಮಾವು ಸೋತಿತು, ಚಿಕ್ಕು ನಿಂತಿತು. ಕೊಯ್ಯಲಿಕ್ಕೆ ಗಾತ್ರ ನೋಡಬಾರದು. ಸಿಪ್ಪೆ ಮೇಲಿನ ಕಂದು ಹುಡಿ ಕೈಗೆ ಉದುರಬೇಕು, ತುದಿಯ ಒಣ ಮುಳ್ಳು ಮುಟ್ಟಿದರೆ ಬೀಳಬೇಕು. ಉಗುರಲ್ಲಿ ಗೀರಿ. ಹಸಿರು ಕಂಡು ಹಾಲು ಬಂದರೆ ಬಿಡಿ, ಹಳದಿ ಕಂಡರೆ ಕೊಯ್ಯಿರಿ. ದೋಟಿಯಲ್ಲಿ ಕೆಳಗೆ ಬೀಳಿಸಿದರೆ ಪೆಟ್ಟಾದ ಕಡೆ ಕೊಳೆಯುತ್ತದೆ, ಬಲೆ ಚೀಲ ಕಟ್ಟಿದ ದೋಟಿ ಬೇಕು. ಹಾಲು ತೊಳೆದು, ಒರಸಿ, ಅಕ್ಕಿ ಡಬ್ಬಿಯಲ್ಲಿಟ್ಟರೆ ಒಂದು ವಾರದೊಳಗೆ ಹಣ್ಣು. ಮಳೆಗಾಲದ ಕಾಯಿಗೆ ಆಸೆ ಬೇಡ, ಸಪ್ಪೆ, ಮೇಲಿಂದ ಹಣ್ಣು ನೊಣದ ಹುಳ. ಬಾವಲಿಗೂ ಒಂದು ಪಾಲು ಇರಲಿ. ಅದು ಕಚ್ಚಿದ ಕಡೆ ಕೊಯ್ದು ಬಿಸಾಡಿ ಉಳಿದದ್ದು ನಾವು ತಿಂದವರೇ.

ಬಜ್ಪೆ: ಅಕ್ಕ, ದಯವಿಟ್ಟು ಅದೊಂದು ಮಾತು ತೆಗೆಯಿರಿ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಫಾ ಜ್ವರ ಬಂದದ್ದು ಮರೆತಿರಾ? ಆ ವೈರಸ್ ಇರುವುದೇ ಹಣ್ಣು ತಿನ್ನುವ ಬಾವಲಿಯಲ್ಲಿ. ಕಚ್ಚಿದ ಹಣ್ಣು ಪೂರ್ತಿ ಬಿಸಾಡಬೇಕು, ದನಕ್ಕೂ ಹಾಕಬಾರದು.

ಉಳ್ಳಾಲದ ಅಕ್ಕ: ನಮ್ಮ ಅಜ್ಜಿ 91 ವರ್ಷ ಬದುಕಿದರು.

ಬಜ್ಪೆ: ಅದು ಅಜ್ಜಿಯ ಅದೃಷ್ಟ. ಮಕ್ಕಳಿರುವ ಮನೆಯವರು ಓದುತ್ತಾರೆ ಇಲ್ಲಿ.

ಉಳ್ಳಾಲದ ಅಕ್ಕ: ಪೇಟೆಯಲ್ಲಿ ಕಾರ್ಬೈಡ್ ಹಾಕಿ ಹಣ್ಣು ಮಾಡಿದ್ದನ್ನು ತಂದು ತಿನ್ನಿಸುವಾಗ ಮಕ್ಕಳ ನೆನಪಾಗುವುದಿಲ್ವಾ?

ಬಜ್ಪೆ: ಕಾರ್ಬೈಡ್ ನಿಷೇಧ ಉಂಟು. ನಾನು ಪೇಟೆಯಿಂದ ತರುತ್ತೇನೆ ಅಂತ ನಿಮಗೆ ಹೇಳಿದವರು ಯಾರು?

ಮೂಡುಬಿದಿರೆ: ನಿಷೇಧ ಅಂತೆ! ಪ್ಲಾಸ್ಟಿಕ್ ಚೀಲವೂ ನಿಷೇಧ. ಸಂತೆಗೆ ಹೋಗಿ ನೋಡಿ ಬನ್ನಿ.

ಬ್ರಹ್ಮಾವರದ ತೋಟ: ಕಿರ್ಣಿ ಮಾರಲಿಕ್ಕೆ ಹೋಗಿದ್ರಾ ಸಂತೆಗೆ?