ಮರುಭೂಮಿಯ ಸೇನಾ ನೆಲೆಯಲ್ಲಿ ಪಸ್ಕಹಬ್ಬ: ಸೆಡೆರ್ ಊಟಕ್ಕೆ ಏನೇನು ಬೇಕು?

ಪ್ರಶ್ನೆ
ಕುವೈತ್‌ನ ಅಮೆರಿಕನ್ ನೆಲೆ. ಯಹೂದಿ ಸೈನಿಕರು ಒಬ್ಬಿಬ್ಬರೇ, ರಬ್ಬಿ (ಯಹೂದಿ ಧರ್ಮಗುರು) ಇಲ್ಲ, ಮದ್ಯಕ್ಕೆ ನಿಷೇಧ. ಕೋಷರ್ (ಯಹೂದಿ ಆಹಾರ ನಿಯಮಕ್ಕೆ ಒಪ್ಪುವ) ಊಟದ ಪೊಟ್ಟಣ ಬರುತ್ತದೆ. ಯಹೂದಿಗಳ ಪಸ್ಕಕ್ಕೆ (ಪಾಸ್‌ಓವರ್), ಅದರ ಆರಂಭದ ರಾತ್ರಿಯ ವಿಧಿಯೂಟವಾದ ಸೆಡೆರ್‌ಗೆ ಅಷ್ಟು ಸಾಕೇ?

ಉತ್ತರ 1
ಸಾಲದು. ಮಾಮೂಲಿ ಕೋಷರ್ ಪೊಟ್ಟಣದಲ್ಲಿ ಬಿಸ್ಕತ್ತು, ನೂಡಲ್ಸ್ ಇರಬಹುದು. ಪಸ್ಕದ ಎಂಟು ದಿನ ಅದು ಹಮೇತ್ಸ್, ಅಂದರೆ ಗೋಧಿ, ಬಾರ್ಲಿಯಂಥ ಐದು ಧಾನ್ಯಗಳ ಹುಳಿಹಿಡಿದ, ಹಬ್ಬದಲ್ಲಿ ಮುಟ್ಟಬಾರದ ತಿನಿಸು. ಪೊಟ್ಟಣದ ಮೇಲೆ 'ಪಸ್ಕಕ್ಕೆ ಕೋಷರ್' ಎಂದೇ ಬರೆದಿರಬೇಕು. ಸೇನೆಯ ಚಾಪ್ಲೇನ್ (ಧಾರ್ಮಿಕ ಅಧಿಕಾರಿ) ಕಚೇರಿಗೆ ಎರಡು ಮೂರು ತಿಂಗಳು ಮುಂಚೆಯೇ ಬೇಡಿಕೆ ಕೊಡಿ.

ಮೆಸ್‌ನಿಂದ ಇಡೀ ಹಣ್ಣು, ಕತ್ತರಿಸದ ರೋಮೈನ್ ಲೆಟ್ಯೂಸ್ ತರಬಹುದು. ಸೆಡೆರ್‌ನಲ್ಲಿ ತಿನ್ನುವ ಕಹಿಸೊಪ್ಪಿನ ಜಾಗಕ್ಕೆ ಲೆಟ್ಯೂಸೇ ಆಗುತ್ತದೆ, ಆದರೆ ಎಲೆ ಎಲೆ ಬಿಡಿಸಿ ತೊಳೆದು ಹುಳ ನೋಡಬೇಕು. ಅಶ್ಕೆನಾಜಿ (ಮಧ್ಯ, ಪೂರ್ವ ಯುರೋಪ್ ಮೂಲದ ಯಹೂದಿ) ಪದ್ಧತಿಯವರು ಅನ್ನ, ಬೇಳೆ, ಕಾಳುಗಳನ್ನೂ ಮುಟ್ಟುವುದಿಲ್ಲ. 'ಗೋಧಿ ಇಲ್ಲವಲ್ಲ' ಎಂದು ಅನ್ನ ಬಡಿಸಿದರೆ ಅವರು ಉಪವಾಸ ಏಳಬೇಕಾಗುತ್ತದೆ.

ಉತ್ತರ 2
ಸೆಡೆರ್‌ನಲ್ಲಿ ನಾಲ್ಕು ಬಟ್ಟಲು ವೈನ್ ಕುಡಿಯಬೇಕು; ಅದು ಇಲ್ಲದಿದ್ದರೆ ಕೋಷರ್ ದ್ರಾಕ್ಷಿರಸ ನಡೆಯುತ್ತದೆ. ಬಟ್ಟಲಿಗೆ ಕನಿಷ್ಠ 86 ಮಿಲಿ, ನಾಲ್ಕು ಬಟ್ಟಲಿಗೆ ಸುಮಾರು 350 ಮಿಲಿ. ಇಸ್ರೇಲ್ ಆಚೆ ಸೆಡೆರ್ ಎರಡು ರಾತ್ರಿ, ಹಾಗಾಗಿ ತಲೆಗೆ 700 ಮಿಲಿ.

ಮತ್ಜಾ (ಹುಳಿಯಿಲ್ಲದ ರೊಟ್ಟಿ) ಅಂಚೆಯಲ್ಲಿ ಪುಡಿಯಾಗಿ ಬರುವುದೇ ದೊಡ್ಡ ತಲೆನೋವು. ಸೆಡೆರ್‌ಗೆ ಮೂರು ಇಡಬೇಕು, ನಡುವಿನದನ್ನಷ್ಟೇ ಮುರಿಯುವುದು. ಪೆಟ್ಟಿಗೆ ಬಂದ ದಿನವೇ ಇಡಿಯಾದವನ್ನು ಆರಿಸಿ, ಟವೆಲ್ ಸುತ್ತಿ ತೆಗೆದಿಡಿ. ಎಲ್ಲವೂ ಮುರಿದಿದ್ದರೂ ಚೂರುಗಳನ್ನೇ ತಿಂದು ವ್ರತ ಪೂರೈಸಬಹುದು, ಬಿಡಬೇಡಿ.

ರಬ್ಬಿಯೂ ಬೇಡ, ಹತ್ತು ಜನರ ಮಿನ್ಯಾನ್ (ಪ್ರಾರ್ಥನೆಯ ಗುಂಪು) ಕೂಡ ಬೇಡ. ಒಬ್ಬನೇ ಇದ್ದರೆ ಸೆಡೆರ್‌ನಲ್ಲಿ ಓದುವ ಪುಸ್ತಕ ಹಗ್ಗಾದಾದ ನಾಲ್ಕು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳುವುದು ಕ್ರಮ.

ಪ್ರಶ್ನೆ ಕೇಳಿದವರು
ಸಂಜೆ ಕಾವಲು ಪಾಳಿ ಬಿದ್ದರೆ?

ಉತ್ತರ 2
ಪಾಳಿ ಬದಲಿಸಿಕೊಡಲು ಮೊದಲೇ ಕೇಳಿ. ಆಗದಿದ್ದರೆ ಕಾವಲೇ ಮುಖ್ಯ, ಜೀವರಕ್ಷಣೆಯ ಮುಂದೆ ಹಬ್ಬದ ನಿಯಮ ಹಿಂದೆ ಸರಿಯುತ್ತದೆ. ಪಾಳಿ ಮುಗಿಸಿ ಬಂದು ಸೆಡೆರ್ ಮಾಡಬಹುದು, ಊಟದ ಕೊನೆಗೆ ತಿನ್ನುವ ಮತ್ಜಾ ತುಂಡು ಅಫಿಕೋಮನ್ ಅನ್ನು ಮಾತ್ರ ನಡುರಾತ್ರಿಯೊಳಗೆ ತಿನ್ನಬೇಕು. ನಡುರಾತ್ರಿ ಎಂದರೆ ಗಡಿಯಾರದ ಹನ್ನೆರಡಲ್ಲ, ಸೂರ್ಯಾಸ್ತ ಮತ್ತು ಸೂರ್ಯೋದಯದ ನಟ್ಟನಡುವೆ. ಏಪ್ರಿಲ್‌ನಲ್ಲಿ ಕುವೈತ್‌ನಲ್ಲಿ ಅದು ಹನ್ನೆರಡಕ್ಕಿಂತ ಸ್ವಲ್ಪ ಮುಂಚೆಯೇ ಬರುತ್ತದೆ.

ಉತ್ತರ 3
ಹಬ್ಬದಲ್ಲಿ ಹಮೇತ್ಸ್ ಇಟ್ಟುಕೊಳ್ಳುವಂತಿಲ್ಲ, ಅದರ ಮಾರಾಟ ಮರೆಯಬೇಡಿ. ಟ್ರಂಕಿನಲ್ಲಿ ಉಳಿದ ಬಿಸ್ಕತ್ತನ್ನು ಯಹೂದಿಯಲ್ಲದವರಿಗೆ ಮಾರಲು ಊರಿನ ರಬ್ಬಿಗೆ ಇಮೇಲ್‌ನಲ್ಲೇ ಅಧಿಕಾರ ಕೊಡುವವರಿದ್ದಾರೆ. ಎಡವುವುದು ಹೊತ್ತಿನ ಲೆಕ್ಕದಲ್ಲಿ: ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10 ಆದಾಗ ಕುವೈತ್‌ನಲ್ಲಿ ಸಂಜೆ 5, ಅಷ್ಟರಲ್ಲಿ ಹಮೇತ್ಸ್ ಬಿಟ್ಟುಕೊಡುವ ಇಲ್ಲಿನ ಗಡುವು ಮುಗಿದಿರುತ್ತದೆ. ಇಮೇಲ್‌ನಲ್ಲಿ 'ಕುವೈತ್ ಸಮಯ' ಎಂದು ಸ್ಪಷ್ಟವಾಗಿ ಬರೆದು, ಹಿಂದಿನ ದಿನವೇ ಮಾರಿಬಿಡಲು ಹೇಳಿ. ಹಬ್ಬ ಮುಗಿದ ಮೇಲೂ ರಬ್ಬಿ ಅದನ್ನು ಮರಳಿ ಕೊಳ್ಳುವವರೆಗೆ ಟ್ರಂಕ್ ತೆರೆಯಬಾರದು.