ಪದ ಬೇಕು, ತುರ್ತು: ಮೀಟರನ್ನು "ಕ್ಯಾಲಿಬ್ರೇಟ್" ಮಾಡೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನೀರು ಪರೀಕ್ಷೆ ಮಾಡುವ ಕೈ ಮೀಟರ್ ಒಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪೆನ್ನಿನ ಥರ ಜೇಬಿಗೆ ಸಿಕ್ಕಿಸಿಕೊಂಡು ಹೋಗುವಂಥದ್ದು, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋದು) ಮತ್ತು ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾಂಶ) ಎರಡನ್ನೂ ತೋರಿಸುತ್ತದೆ. ಕೈಪಿಡಿ ಹೇಗೋ ಮುಗಿಯಿತು. ಡಬ್ಬಿಯ ಮುಚ್ಚಳದ ಒಳಗೆ ಅಂಟಿಸುವ ಚೀಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು.

ನಿಘಂಟಿನಲ್ಲಿ ಸಿಕ್ಕಿದ್ದು "ಮಾಪನಾಂಕ ನಿರ್ಣಯ". "ವಾರಕ್ಕೊಮ್ಮೆ ಮಾಪನಾಂಕ ನಿರ್ಣಯ ಮಾಡಿ" ಅಂತ ಬರೆದು ಮೀಟರ್ ಬಳಸುವ ಒಬ್ಬರಿಗೆ ತೋರಿಸಿದೆ. ಎರಡು ಸಲ ಓದಿ, "ಯಾರು ನಿರ್ಣಯ ಮಾಡೋದು?" ಅಂತ ಕೇಳಿದರು.

ಕೆಲಸ ಇಷ್ಟೇ: ಮೀಟರಿನ ತುದಿಯನ್ನು ಪಿಎಚ್ 7.00 ಬಫರಿನಲ್ಲಿ (ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರುವ ದ್ರಾವಣ) ಅದ್ದಬೇಕು, ಅಂಕಿ ಓಡಾಡೋದು ನಿಂತ ಮೇಲೆ ಗುಂಡಿ ಒತ್ತಬೇಕು, ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು 4.01ರಲ್ಲಿ ಅದ್ದಿ ಮತ್ತೆ ಒತ್ತಬೇಕು. ಇದಕ್ಕೆ ಒಂದು ಪದ, ಆಗದಿದ್ದರೆ ಎರಡು. ಚೀಟಿಯ ಅಗಲ ನಾಲ್ಕು ಬೆರಳು.

— ಚೀಟಿ

ಮರು: ಪದ ಬೇಕು

ಒರೆಹಚ್ಚು. ಇದರಲ್ಲಿ ಚರ್ಚೆಗೆ ಏನಿದೆ? ಅಪ್ಪಟ ಕನ್ನಡ, ಎಲ್ಲರಿಗೂ ಗೊತ್ತಿರುವ ಮಾತು. ಚಿನ್ನವನ್ನು ಕಲ್ಲಿಗೆ ಉಜ್ಜಿ ಗೊತ್ತಿರುವ ಚಿನ್ನದ ಗೆರೆಯ ಪಕ್ಕ ಇಟ್ಟು ನೋಡುತ್ತಾರಲ್ಲ, ಬಫರ್ ಅಂದರೆ ಅದೇ. ಗೊತ್ತಿರುವ ಒಂದಕ್ಕೆ ಗೊತ್ತಿಲ್ಲದ ಇನ್ನೊಂದನ್ನು ಹಿಡಿಯೋದು. "ಮಾಪನಾಂಕ ನಿರ್ಣಯ" ಹುಟ್ಟಿಸಿದವರು ಜೀವಮಾನದಲ್ಲಿ ಒಂದು ಮೀಟರನ್ನೂ ಕೈಯಲ್ಲಿ ಹಿಡಿದಿರಲಿಕ್ಕಿಲ್ಲ.

— ಒರೆಗಲ್ಲು

ಮರು: ಮರು: ಪದ ಬೇಕು

ನಾನು ದಿನಾ ಇದೇ ಕೆಲಸ ಮಾಡುವವಳು. ದಯವಿಟ್ಟು ಒರೆ ಬೇಡ.

ಚೀಟಿಯಲ್ಲಿ ಮುಂದಿನ ಸಾಲು ಏನಿರುತ್ತದೆ ಗೊತ್ತಾ? "ತುದಿಯನ್ನು ಒರೆಸಬೇಡಿ." ಇರಲೇಬೇಕು. ತುದಿಯಲ್ಲಿರೋದು ತೆಳ್ಳನೆಯ ಗಾಜಿನ ಗುಳ್ಳೆ. ಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ, ಸ್ಥಾಯೀ ವಿದ್ಯುತ್ತು ಕೂತು ಅಂಕಿ ಸುಮ್ನೆ ಅಲೆದಾಡುತ್ತದೆ. ನೀರು ಕೊಡವಿ, ಮೆತ್ತನೆ ಕಾಗದಕ್ಕೆ ಹಾಗೇ ತಾಗಿಸಬೇಕು ಅಷ್ಟೇ. ಮೇಲಿನ ಸಾಲಲ್ಲಿ "ಒರೆಹಚ್ಚಿ", ಕೆಳಗಿನ ಸಾಲಲ್ಲಿ "ಒರೆಸಬೇಡಿ" ಅಂದರೆ ಓದುವವರ ಗತಿ ಏನು?

ಇನ್ನೂ ದೊಡ್ಡ ತಕರಾರು ಒಂದಿದೆ. ಒರೆಹಚ್ಚಿದರೆ ಚಿನ್ನ ಎಂಥದ್ದು ಅಂತ ತಿಳಿಯುತ್ತದೆ, ಆದರೆ ಚಿನ್ನ ಬದಲಾಗೋದಿಲ್ಲ. ಇಲ್ಲಿ ಮೀಟರ್ ಬದಲಾಗುತ್ತದೆ. 25 ಡಿಗ್ರಿಯಲ್ಲಿ ಒಂದು ಪಿಎಚ್ ವ್ಯತ್ಯಾಸಕ್ಕೆ ಗಾಜು ಲೆಕ್ಕದ ಪ್ರಕಾರ 59.16 ಮಿಲಿವೋಲ್ಟ್ ಕೊಡಬೇಕು. ಹಳತಾಗುತ್ತಾ ಹೋದ ಹಾಗೆ ಅದು ಕಡಿಮೆ ಕೊಡುತ್ತದೆ. ಎರಡು ಬಫರಿನಲ್ಲಿ ಅದ್ದಿದಾಗ "ಓಹೋ, ನನ್ನ ಗಾಜು ಈಗ ಇಷ್ಟು ಕೊಡುತ್ತಿದೆ" ಅಂತ ಮೀಟರ್ ಗುರುತು ಹಾಕಿಕೊಂಡು ಮುಂದಿನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಪದದಲ್ಲಿ ಆ ತಿದ್ದುವ ಭಾಗ ಬರಬೇಕು.

— ಬೀಕರ್

ಮರು: ಮರು: ಮರು: ಪದ ಬೇಕು

ಒರೆ ಬೇರೆ, ಒರೆಸು ಬೇರೆ ಅಂತ ಓದುಗರಿಗೆ ಗೊತ್ತಾಗದೇ? ಕತ್ತಿಯ ಒರೆ ಇನ್ನೊಂದು, ಹಳಗನ್ನಡದಲ್ಲಿ ಹೇಳು ಅನ್ನುವ ಅರ್ಥದ ಒರೆ ಮತ್ತೊಂದು. ಯಾರೂ ಗಲಿಬಿಲಿ ಆಗಿಲ್ಲ. ಬೇಕಾದರೆ ಮೀಟರಿನ ತುದಿಗೆ ಹಾಕುವ ಮುಚ್ಚಳಕ್ಕೂ ಒರೆ ಅನ್ನಿ, ಒಪ್ಪುತ್ತದೆ.

— ಒರೆಗಲ್ಲು

ಮರು: ಪದ ಬೇಕು

ಶ್ರುತಿ ಮಾಡು? ತಂಬೂರಿಯನ್ನು ಆಧಾರ ಸ್ವರಕ್ಕೆ ಹಿಡಿದು ಬಿರಡೆ ತಿರುಗಿಸಿ ಸರಿ ಮಾಡುತ್ತೇವಲ್ಲ, ಕೇಳೋದು, ತಿದ್ದೋದು ಎರಡೂ ಇದೆ.

— ಬಿರಡೆ

ಮರು: ಮರು: ಪದ ಬೇಕು

ಚೆನ್ನಾಗಿದೆ. ಕವಿತೆಗೆ ಇಟ್ಟುಕೊಳ್ಳಿ.

— ಬೀಕರ್

ಮರು: ಪದ ಬೇಕು

ಲೆಕ್ಕ ಬರೆಯುವವರು "ತಾಳೆ ನೋಡು" ಅನ್ನುತ್ತಾರೆ. ತಾಳೆ ಆಗದಿದ್ದರೆ ಸರಿಹೊಂದಿಸುತ್ತಾರೆ. ಟಿಡಿಎಸ್ ಕಡೆಗೂ ಇದು ನಡೆಯುತ್ತದೆ, ಅಲ್ವಾ? ಅಲ್ಲಿ ವಿದ್ಯುತ್ ವಾಹಕತೆ 1413 ಮೈಕ್ರೋಸೀಮೆನ್ಸ್ ಅಂತ ಗೊತ್ತಿರುವ ದ್ರಾವಣದಲ್ಲಿ ಅದ್ದಿ ತಾಳೆ ನೋಡೋದು.

— ಖಾತೆ

ಮರು: ಮರು: ಪದ ಬೇಕು

ತಾಳೆ ಇಂಗ್ಲಿಷಿನ ಟ್ಯಾಲಿ ತಾನೇ? ಹಾಗಿದ್ದರೆ ಕ್ಯಾಲಿಬ್ರೇಟ್ ಅಂತಲೇ ಇಡಿ, ನಾಟಕ ಯಾಕೆ?

— ಒರೆಗಲ್ಲು

ಮರು: ಮರು: ಮರು: ಪದ ಬೇಕು

ಅಲ್ಲ. ಟ್ಯಾಲಿ ಲ್ಯಾಟಿನ್ನಿನ ಕಡ್ಡಿಯಿಂದ ಬಂದದ್ದು, ಕಡ್ಡಿ ಮೇಲೆ ಕಚ್ಚು ಹಾಕಿ ಲೆಕ್ಕ ಇಡುತ್ತಿದ್ದರು. ನಮ್ಮ ತಾಳೆಗೆ ಮರಾಠಿಯ ಲೆಕ್ಕದ ಮಾತುಗಳಾದ ತಾಳಾ, ತಾಳೇಬಂದ ಹತ್ತಿರದ ನೆಂಟರು. ಸದ್ದು ಒಂದೇ ಥರ ಇದ್ದ ಮಾತ್ರಕ್ಕೆ ಮೂಲ ಒಂದಾಗೋದಿಲ್ಲ ಅಂತ ಈ ಮೇಲ್ ಪಟ್ಟಿಯಲ್ಲಿ ಎಷ್ಟು ಸಲ ಹೇಳಬೇಕೋ.

ಎರವಲು ಪದದ ಮಾತು ಎತ್ತಿದ್ದೀರಿ, ಹೇಳಿಬಿಡುತ್ತೇನೆ. ಕ್ಯಾಲಿಬರ್ ಕೂಡ ಇಂಗ್ಲಿಷಿನವರ ಸ್ವಂತದ್ದಲ್ಲ. ಅರಬಿಯ ಕಾಲಿಬ್, ಅಂದರೆ ಅಚ್ಚು, ಅದೇ ಫ್ರೆಂಚ್ ದಾರಿಯಲ್ಲಿ ಅವರಿಗೆ ಸಿಕ್ಕಿತು. ಅವರೇನೂ ಅತ್ತಿಲ್ಲ.

— ಖಾತೆ

ಮರು: ಪದ ಬೇಕು

ಪಿಎಚ್‌ಗೆ "ರಸಸಾರ" ಅಂತ ಹಾಕಬಹುದಲ್ಲ? ಮಣ್ಣು ಪರೀಕ್ಷೆಯ ಬರಹಗಳಲ್ಲಿ ಇದೆ.

— ಬಿರಡೆ

ಮರು: ಮರು: ಪದ ಬೇಕು

ಮೀಟರಿನ ಪರದೆ ಮೇಲೆ ಪಿಎಚ್ ಅಂತಲೇ ಮೂಡುತ್ತದೆ, ಚೀಟಿಯಲ್ಲಿ ರಸಸಾರ ಅಂತ ಹಾಕಿದರೆ ಎರಡನ್ನೂ ಯಾರು ಜೋಡಿಸಿಕೊಳ್ಳುತ್ತಾರೆ? ಅದೂ ಅಲ್ಲದೆ 1909ರಲ್ಲಿ ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸೆನ್ ಈ ಹೆಸರಿಟ್ಟಾಗಿನ "ಪಿ" ಯಾವ ಪದದ್ದು ಅಂತ ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. ಅರ್ಥ ಗೊತ್ತಿಲ್ಲದೆಯೇ ಜಗತ್ತು ಅದನ್ನು ಬಳಸುತ್ತಿದೆ. ಗುಂಡಿಗೂ ಇದೇ ಮಾತು. ಗುಂಡಿ ಮೇಲೆ "ಕ್ಯಾಲ್" ಅಂತ ಇದ್ದರೆ ಅದನ್ನು ಚೀಟಿಯಲ್ಲೂ ಒಂದು ಕಡೆ ಹಾಕಿ.

ಇನ್ನೊಂದು ವಿಷಯ. ಅಂಟಿಸುವ ಮುಂಚೆ "ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು ಅದರಲ್ಲೇ ಇಡಿ" ಅಂತ ಬರೆದಿದ್ದೀರಾ ನೋಡಿಕೊಳ್ಳಿ. ಅನುವಾದಗಳಲ್ಲಿ ಇದನ್ನು ಕಂಡಿದ್ದೇನೆ. ತೊಳೆಯೋಕೆ ಸರಿ, ಇಡೋಕೆ ಅಲ್ಲ. ಬರೀ ನೀರಿನಲ್ಲಿ ಇಟ್ಟರೆ ತುದಿಯೊಳಗಿನ ಉಪ್ಪು ಹೊರಗೆ ಸೋರಿಹೋಗುತ್ತದೆ. ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ನಾಲ್ಕು ಹನಿ ಇರಬೇಕು. ಮುಚ್ಚಳದ ಸುತ್ತ ಬಿಳಿ ಪುಡಿ ಕಟ್ಟಿದರೆ ಅದು ಆ ಉಪ್ಪೇ, ಮೀಟರ್ ಕೆಟ್ಟಿಲ್ಲ.

— ಬೀಕರ್

ಮರು: ಪದ ಬೇಕು

ಬೀಕರ್ ಮೇಡಂ, ನಿಜವಾಗಿಯೂ "ಅದರಲ್ಲೇ ಇಡಿ" ಅಂತ ಬರೆದಿದ್ದೆ. ತೆಗೆದೆ. "ಶೇಖರಣಾ ದ್ರಾವಣ" ಅಂತ ಇದ್ದದ್ದನ್ನೂ "ನೆನೆಸಿಡುವ ದ್ರಾವಣ" ಮಾಡಿದೆ. ಈಗ ಚೀಟಿ ಹೀಗಿದೆ:

ವಾರಕ್ಕೊಮ್ಮೆ 7.00, ಆಮೇಲೆ 4.01 ಬಫರಿನಲ್ಲಿ ತಾಳೆ ನೋಡಿ ಸರಿಹೊಂದಿಸಿ (ಕ್ಯಾಲ್ ಗುಂಡಿ).
ಬಳಸಿದ ಬಫರನ್ನು ವಾಪಸ್ ಬಾಟಲಿಗೆ ಸುರಿಯಬೇಡಿ.
ತುದಿಯನ್ನು ಒರೆಸಬೇಡಿ, ಒಣಗಲು ಬಿಡಬೇಡಿ.
ಮುಚ್ಚಳದಲ್ಲಿ ನೆನೆಸಿಡುವ ದ್ರಾವಣ ಇರಲಿ.

— ಚೀಟಿ

ಮರು: ಮರು: ಪದ ಬೇಕು

"ಬಫರ್" ಹಾಗೇ ಬಿಟ್ಟಿರಾ? ಅದಕ್ಕೆ ಬೇರೆ ಎಳೆ ತೆಗೆಯುತ್ತೇನೆ.

— ಒರೆಗಲ್ಲು

ಮರು: ಮರು: ಮರು: ಪದ ಬೇಕು

ತೆಗೆಯಿರಿ. ಚೀಟಿ ಅಚ್ಚಿಗೆ ಕಳಿಸಿ ಹತ್ತು ನಿಮಿಷ ಆಯಿತು.

— ಚೀಟಿ