ಹೆದ್ದಾರಿಯಲ್ಲಿ ಕೂತರೆ ಕೇಸು ಬೀಳುತ್ತಾ? ವಕೀಲರಿಗೆ ಪ್ರಶ್ನೆ

ಪ್ರಶ್ನೆ: ವಕೀಲ್ರೇ, ನಮಸ್ಕಾರ. ನಾನು ಅಂಕೋಲೆಯವಳು, ಕಾರವಾರದಲ್ಲಿ ಬಿ.ಎಸ್ಸಿ. ಕೊನೇ ವರ್ಷ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಸುಮ್ಮನೆ ಕೂರಲು ಮನಸ್ಸು ಒಪ್ಪುತ್ತಿಲ್ಲ. ಬ್ರಿಟನ್ನಿನ ಎಕ್ಸ್‌ಟಿಂಕ್ಷನ್ ರೆಬೆಲಿಯನ್‌ನವರ ಹಾಗೆ ಕಾನೂನುಭಂಗ ಮಾಡುವ ಹವಾಮಾನ ಚಳವಳಿ ಸೇರಬೇಕೆಂದಿದ್ದೇನೆ. ಗೆಳೆಯರು ಹೆದ್ದಾರಿ 66ರಲ್ಲಿ ಕೂರೋಣ ಅನ್ನುತ್ತಿದ್ದಾರೆ. ಒಂದು ಕೇಸು ಬಿತ್ತೆಂದರೆ ಸರ್ಕಾರಿ ನೌಕರಿಯೂ ಇಲ್ಲ, ಪಾಸ್‌ಪೋರ್ಟೂ ಇಲ್ಲ ಅಂತಾರೆ ಅಪ್ಪ. ನಿಜವೇ?

ವಕೀಲರ ಉತ್ತರ: ತಂಗಿ, ಅಪ್ಪ ಹೇಳಿದ್ದು ಅರ್ಧ ನಿಜ.

ಶಾಂತಿಯುತವಾಗಿ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವ ಹಕ್ಕನ್ನೂ ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ರಂಜಿತ್‌ಸಿಂಹ ಪ್ರಕರಣದಲ್ಲಿ ಮಾನ್ಯ ಮಾಡಿದೆ. ಆದರೆ ರಸ್ತೆ ತಡೆಯುವ ಹಕ್ಕು ಇದರಿಂದ ಬರುವುದಿಲ್ಲ. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿ ಕೂರುವಂತಿಲ್ಲ ಎಂದು ಅದೇ ಕೋರ್ಟು 2020ರಲ್ಲಿ ಶಾಹೀನ್ ಬಾಗ್ ಪ್ರಕರಣದಲ್ಲಿ ಹೇಳಿದೆ.

ಸಾಮಾನ್ಯವಾಗಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 189 (ಅಕ್ರಮ ಕೂಟ), 126 (ತಡೆದು ನಿಲ್ಲಿಸುವುದು), 285 (ರಸ್ತೆಗೆ ಅಡ್ಡಿ), ನಿಷೇಧಾಜ್ಞೆ ಇದ್ದರೆ 223. ಬರೀ ಕೂತಿದ್ದಕ್ಕೆ ಬೀಳುವ ಇವು ಜಾಮೀನು ಸಿಗುವಂಥವು. ಹೆದರಬೇಕಾದ್ದು 132ಕ್ಕೆ. ಕರ್ತವ್ಯದ ಮೇಲಿದ್ದ ಪೊಲೀಸರನ್ನು ತಳ್ಳಿದರೆ ಸಾಕು, ಅದು ಬರುತ್ತದೆ. ಜಾಮೀನುರಹಿತ, 2 ವರ್ಷದವರೆಗೆ ಶಿಕ್ಷೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 8ಬಿ ಕಲಮನ್ನೂ ಕೆಲವೆಡೆ ಸೇರಿಸುತ್ತಾರೆ, ಅದಕ್ಕೆ 5 ವರ್ಷದವರೆಗೆ ಇದೆ.

ನೌಕರಿಯ ವಿಷಯ: ಕೇಸು ಇದೆ ಅನ್ನುವ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ, ಕೇಸನ್ನು ಮುಚ್ಚಿಟ್ಟರೆ ಬಾಗಿಲು ಮುಚ್ಚಬಹುದು. ಇದರ ಬಗ್ಗೆ ಸುಪ್ರೀಂ ಕೋರ್ಟು 2016ರಲ್ಲಿ ಕೊಟ್ಟ ಅವತಾರ್ ಸಿಂಗ್ ತೀರ್ಪನ್ನು ನೆನಪಿಡು, ಅರ್ಜಿಯಲ್ಲಿ ಕೇಳಿದ್ದಕ್ಕೆ ಸತ್ಯ ಬರೆ. ಕೋರ್ಟಿನಲ್ಲಿ ಕೇಸು ನಡೆಯುತ್ತಿರುವಾಗ ಪಾಸ್‌ಪೋರ್ಟ್ ತಡೆಹಿಡಿಯಬಹುದು. ಅದೇ ಕೋರ್ಟಿನ ಅನುಮತಿ ತಂದರೆ ಸಿಗುತ್ತದೆ.

ಜೈಲಿಗಿಂತ ಜನರನ್ನು ಸೋಲಿಸುವುದು ಕೋರ್ಟಿನ ತಾರೀಖು. ಬೆಳಿಗ್ಗೆ ವ್ಯಾನಿನಲ್ಲಿ ಒಯ್ದು ಹೆಸರು ಬರೆದುಕೊಂಡು ಸಂಜೆ ಬಿಟ್ಟರೆಂದು ಹುಡುಗರು ಮರೆತುಬಿಡುತ್ತಾರೆ. ಎಷ್ಟೋ ತಿಂಗಳ ಮೇಲೆ ಸಮನ್ಸ್ ಬರುತ್ತದೆ. ಆಗ ಒಬ್ಬ ಬೆಂಗಳೂರಲ್ಲಿ, ಇನ್ನೊಬ್ಬ ಗೋವಾದಲ್ಲಿ. ಶ್ಯೂರಿಟಿ ನಿಲ್ಲಲು ಪಹಣಿ ಇರುವವರನ್ನು ಹುಡುಕಬೇಕು. ಒಬ್ಬ ಗೈರಾದರೂ ವಾರಂಟು. ಪರೀಕ್ಷೆಯ ದಿನವೇ ತಾರೀಖು ಬಿದ್ದರೆ ಏನು ಮಾಡುತ್ತೀರಿ, ಈಗಲೇ ಮಾತಾಡಿಕೊಳ್ಳಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಹಾಗಾದರೆ ಸೇರಬೇಡ ಅಂತೀರಾ?

ಉತ್ತರ: ಖಂಡಿತ ಸೇರು. ಯಾವ ಕಾನೂನು ಮುರಿಯುತ್ತೀರಿ, ಯಾಕೆ ಅದನ್ನೇ, ಅಂತ ಮಾತ್ರ ಕೇಳಿಕೊಳ್ಳಿ. 1930ರ ಏಪ್ರಿಲ್ 13ರಂದು ನಿಮ್ಮ ಅಂಕೋಲೆಯಲ್ಲೇ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾನೂನು ಮುರಿದರು. ಅನ್ಯಾಯ ಅನ್ನಿಸಿದ್ದು ಉಪ್ಪಿನ ಕಾನೂನು, ಮುರಿದದ್ದೂ ಅದನ್ನೇ. 1983ರ ಸೆಪ್ಟೆಂಬರ್ 8ರಂದು ಶಿರಸಿ ಹತ್ತಿರದ ಸಾಲ್ಕಣಿಯವರು ಅಪ್ಪಿಕೊಂಡದ್ದು ಕಡಿಯಲು ಹೊರಟ ಮರವನ್ನೇ. ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹೆದ್ದಾರಿಯಲ್ಲಿ ಕೂತರೆ ಎದುರಿಗೆ ಸಿಗುವುದು ಮಣಿಪಾಲದ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್. ನಮ್ಮ ಜಿಲ್ಲೆಯಲ್ಲಿ ಇದು ಬಾಯಿಮಾತಲ್ಲ, ನಿನಗೂ ಗೊತ್ತು. ನೀನು ಹೇಳಿದ ಎಕ್ಸ್‌ಟಿಂಕ್ಷನ್ ರೆಬೆಲಿಯನ್ ಕೂಡ, ಜನರ ಓಡಾಟಕ್ಕೆ ಅಡ್ಡಿ ಮಾಡುವುದನ್ನು ಸದ್ಯಕ್ಕೆ ಮುಖ್ಯ ತಂತ್ರವಾಗಿ ಇಟ್ಟುಕೊಳ್ಳುವುದಿಲ್ಲ ಎಂದು 2023ರ ಆರಂಭದಲ್ಲಿ ಘೋಷಿಸಿತು. ಅಲ್ಲಿಯ ಎಂ25 ಹೆದ್ದಾರಿ ತಡೆಯ ಸಂಚಿಗೆ 2024ರಲ್ಲಿ ಆ ಸಂಘಟನೆಯ ಸ್ಥಾಪಕರಲ್ಲೊಬ್ಬನಾದ ರೋಜರ್ ಹಾಲಮ್‌ಗೆ 5 ವರ್ಷ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ 4ಕ್ಕೆ ಇಳಿಯಿತು.

ಇನ್ನೊಂದು ಮಾತು. 2006ರ ಪರಿಸರ ಅಧಿಸೂಚನೆಯಂತೆ ದೊಡ್ಡ ಯೋಜನೆಯ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸು ಕೊಡಬೇಕು. ಆ ದಿನಗಳಲ್ಲಿ ಊರಿನವರಿಂದ ಲಿಖಿತ ಆಕ್ಷೇಪ ಬರೆಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪರವಾನಗಿ ಕೊಟ್ಟ ಮೇಲೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ, ಸರಿಯಾದ ಕಾರಣವಿದ್ದರೆ ಇನ್ನೂ 60. ನಮಗೆ ಅದರ ಪೀಠ ಇರುವುದು ಚೆನ್ನೈಯಲ್ಲಿ. ಇಷ್ಟೆಲ್ಲ ಮುಗಿದ ಮೇಲೆ ನನ್ನ ಕಚೇರಿಗೆ ಬರುವವರೇ ಹೆಚ್ಚು, ಕೈಯಲ್ಲಿ ಒಂದು ಕಾಗದವೂ ಇಲ್ಲದೆ. ಅದನ್ನು ನೋಡಿದರೆ ಸಂಕಟವಾಗುತ್ತದೆ.

ಪ್ರಶ್ನೆ (ಹೊನ್ನಾವರದ ತಾಯಿಯೊಬ್ಬರು): ನನ್ನ ಮಗ ಬೋಟಿಗೆ ಹೋಗುವವ. ಧರಣಿಯಿಂದ ಪೊಲೀಸರು ಕರೆದುಕೊಂಡು ಹೋದರೆ ಮನೆಯವರು ಏನು ಮಾಡಬೇಕು?

ಉತ್ತರ: ಅಕ್ಕಾ, ಮೊದಲು ಯಾವ ಠಾಣೆ ಅಂತ ತಿಳಿದುಕೊಳ್ಳಿ. ಬಂಧಿಸಿದ ಕಾರಣವನ್ನು ಅವನಿಗೆ ತಿಳಿಸಬೇಕು, ಮನೆಯವರಿಗೂ ಸುದ್ದಿ ಮುಟ್ಟಿಸಬೇಕು. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೆಂಗಸರನ್ನು ಸೂರ್ಯಾಸ್ತದ ನಂತರ ಬಂಧಿಸುವಂತಿಲ್ಲ, ವಿಶೇಷ ಸಂದರ್ಭದಲ್ಲಿ ಮಾತ್ರ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬಹುದು. ಓದಿ ನೋಡದೆ ಯಾವ ಕಾಗದಕ್ಕೂ ಸಹಿ ಹಾಕಬೇಡ ಅಂತ ಮಗನಿಗೆ ಇವತ್ತೇ ಹೇಳಿಡಿ. ಕಸ್ಟಡಿಯಲ್ಲಿರುವವರಿಗೆ ಕಾನೂನು ನೆರವು ಉಚಿತ, ವಕೀಲರ ಫೀಸಿಗೆ ಸಾಲ ಮಾಡಬೇಡಿ. 15100ಕ್ಕೆ ಫೋನ್ ಮಾಡಿ. ಮತ್ತೆ ಅವನ ಆಧಾರ್ ಪ್ರತಿ, ಶ್ಯೂರಿಟಿ ನಿಲ್ಲಲು ಒಪ್ಪಿದವರ ಪಹಣಿ, ಎರಡನ್ನೂ ಒಂದೇ ಕವರಿನಲ್ಲಿ ಹಾಕಿ ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ.